ಓದದೆ ಕೊಡುವ ತೀರ್ಪು

ಕಾವೇರಿ ಜಲವಿವಾದವನ್ನು ಕುರಿತು ಅಭಿಪ್ರಾಯವಿಲ್ಲದ ಮನುಷ್ಯನು ನಮ್ಮ ಪಟ್ಟಣಗಳಲ್ಲಿ ದುರ್ಲಭ. ಆ ವಿವಾದದ ತೀರ್ಪನ್ನು ಓದಿದವನು ಅದಕ್ಕಿಂತಲೂ ದುರ್ಲಭ. ತಿಳಿಯಲು ಮಾರ್ಗವಿಲ್ಲದವನ ಅಜ್ಞಾನವು ಕ್ಷಮಾರ್ಹವಾದುದು. ಮಂಡ್ಯದ ರೈತನನ್ನು ಈ ವಿಷಯದಲ್ಲಿ ಯಾರೂ ದೂರುವಂತಿಲ್ಲ. ನಾಲೆಗೆ ನೀರು ಎಂದು ಬಂದಿತು, ಎಂದು ನಿಂತಿತು ಎಂಬುದನ್ನು ಅವನು ನಮ್ಮೆಲ್ಲರಿಗಿಂತಲೂ ಚೆನ್ನಾಗಿ ಬಲ್ಲನು. ಆದರೆ ವಿದ್ಯಾವಂತರೂ ಅಧಿಕಾರಸ್ಥರೂ ಆದ ಮಹಾಶಯರು ಕೈಗೆಟುಕುವ ಕಾಗದವನ್ನು ಬುದ್ಧಿಪೂರ್ವಕವಾಗಿ ತೆರೆಯದೆ, ತೆರೆದರೆ ತಮ್ಮ ಕೋಪಕ್ಕೆಲ್ಲಿ ಕುಂದು ಬರುವುದೋ ಎಂದು ಅಂಜಿ ಕುಳಿತಿರುವುದನ್ನು ಏನೆಂದು ಕರೆಯೋಣ?

1924ರ ಒಪ್ಪಂದವು ಇರುವವರೆಗೆ ಕರ್ನಾಟಕಕ್ಕೆ ನ್ಯಾಯ ದೊರೆಯದೆಂಬ ಮಾತು ಇಂದಿಗೂ ವೇದಿಕೆಗಳಲ್ಲಿ ಕೇಳಿಬರುತ್ತಿದೆ. ಆ ಒಪ್ಪಂದವು 50 ವರ್ಷಗಳ ತರುವಾಯ 1974ರಲ್ಲಿಯೇ ಮುಗಿದುಹೋಯಿತೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ಸ್ಪಷ್ಟವಾಗಿ ಹೇಳಿದೆ. ಅದು ಮೊದಲಿನಿಂದಲೇ ಅನ್ಯಾಯದ್ದೆಂಬ ನಮ್ಮ ವಾದವನ್ನಾದರೋ ಅದೇ ತೀರ್ಪು ಒಪ್ಪಲಿಲ್ಲ. ಹಿತವಾದ ಭಾಗವನ್ನೂ ಅಹಿತವಾದ ಭಾಗವನ್ನೂ ಕೂಡಿಸಿ ಓದತಕ್ಕದ್ದು ನ್ಯಾಯ.

ಆ ದಿನ ಸರ್ವಸ್ವವೂ ಹೋಯಿತೆಂದು ಗೋಳಾಡುವವರೂ ಇದ್ದಾರೆ. 2007ರಲ್ಲಿ ನ್ಯಾಯಮಂಡಲಿಯು ನಮಗೆ 270 ಟಿ.ಎಂ.ಸಿ. ನೀರನ್ನು ವಿಧಿಸಿತ್ತು, ಸುಪ್ರೀಂ ಕೋರ್ಟು ಅದನ್ನು 284.75ಕ್ಕೆ ಏರಿಸಿತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡತಕ್ಕ ನೀರು 192ರಿಂದ 177.25ಕ್ಕೆ ಇಳಿಯಿತು. ಹೀಗೆ ದೊರೆತುದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗಾಗಿ. ನಗರದ ಮೂರನೆಯ ಒಂದು ಭಾಗ ಮಾತ್ರವೇ ಕಾವೇರಿ ಕೊಳ್ಳದಲ್ಲಿದೆ, ಕುಡಿಯುವ ನೀರಿನ ಅರ್ಧಭಾಗ ಅಂತರ್ಜಲದಿಂದ ದೊರೆಯುವುದು ಎಂಬ ನ್ಯಾಯಮಂಡಲಿಯ ಲೆಕ್ಕವನ್ನು ಉಚ್ಚ ಪೀಠವು ತಳ್ಳಿಹಾಕಿದುದರ ಫಲವಿದು. ಉಳಿದ 10 ಟಿ.ಎಂ.ಸಿ. ತಮಿಳುನಾಡಿನ ಅಂತರ್ಜಲವನ್ನು ಗಣನೆಗೆ ತೆಗೆದುಕೊಂಡುದರಿಂದ ಬಂದಿತು. ಇವೆರಡನ್ನೂ ಗೆದ್ದುದು ಅಂಕಿಗಳ ಬಲದಿಂದ, ಬೀದಿಯ ಕೂಗಿನಿಂದಲ್ಲ.

ಬೀದಿಯ ಕೂಗು ಏನನ್ನು ತಂದಿತೆಂಬುದು ವಿದಿತವೇ ಇದೆ. 1991ರ ಜೂನ್ 25ರ ಮಧ್ಯಂತರ ಆಜ್ಞೆಯು 205 ಟಿ.ಎಂ.ಸಿ. ಬಿಡಬೇಕೆಂದಿತು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಪೆಟ್ಟು ತಿಂದವರು ಆಜ್ಞೆಯನ್ನು ಬರೆದವರಲ್ಲ, ಹೊಟ್ಟೆಪಾಡಿಗೆ ಬಂದ ತಮಿಳು ಕೂಲಿಕಾರರು. 2016ರ ಸೆಪ್ಟೆಂಬರ್ 12ರಂದು ಪುನಃ ಬಸ್ಸುಗಳು ಉರಿದವು. ಬೆಂಕಿಯಿಟ್ಟವರು ಓದದ ಜನ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಅವರ ಕಿವಿಗೆ ಆ ಮಾತುಗಳನ್ನು ತುಂಬಿದವರು ಓದಬಲ್ಲವರೇ ಆಗಿದ್ದರು.

ಮಳೆ ಚೆನ್ನಾಗಿ ಬಿದ್ದ ವರ್ಷ ಯಾರಿಗೂ ಜಗಳ ಬೇಕಿಲ್ಲ. ಮಳೆ ಕೈಕೊಟ್ಟಾಗ ಕೊರತೆಯನ್ನು ಪ್ರಮಾಣಾನುಸಾರ ಹಂಚಿಕೊಳ್ಳಬೇಕೆಂದು ತೀರ್ಪಿದೆಯೇ ಹೊರತು, ತಿಂಗಳು ತಿಂಗಳಿಗೆ ಅದನ್ನು ಲೆಕ್ಕಹಾಕುವ ಸೂತ್ರವು ಉಭಯ ಪಕ್ಷಕ್ಕೂ ಸಮ್ಮತವಾಗಿ ನಿಂತಿಲ್ಲ. 2023ರಲ್ಲಿ ಕಲಹವೆದ್ದುದು ಇಲ್ಲಿಯೇ. ನಮ್ಮ ವಕೀಲರೂ ಇಂಜಿನಿಯರರೂ ಶಾಸಕರೂ ಬುದ್ಧಿ ಖರ್ಚುಮಾಡತಕ್ಕ ಸ್ಥಳವೂ ಇದೇ. ಸಭೆಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ! ಮುಂದಿನ ಸಭೆಯಲ್ಲಿ ನಿರ್ಣಯವನ್ನು ಮಂಡಿಸುವ ಮಹನೀಯರು ಹಾರಂಗಿ, ಹೇಮಾವತಿ, ಕಬಿನಿ, ಕೃಷ್ಣರಾಜಸಾಗರಗಳಿಗೆ ಆ ದಿನದವರೆಗೆ ಬರಬೇಕಾದ ನೀರೆಷ್ಟು, ಬಂದುದೆಷ್ಟು ಎಂಬುದನ್ನು ಮೊದಲು ಹೇಳಿ, ಆಮೇಲೆ ಭಾಷಣವನ್ನು ಆರಂಭಿಸಲಿ.