ಆಯಿಯ ಕೋಣೆಗೆ ವೈಫೈ

ಸೋಲಾಪುರದಿಂದ ಅತ್ತೆಯ ವಿಡಿಯೊ ಕರೆ ಬಂತು ಅಂದ್ರೆ ನರೋಣಾದ ನಮ್ಮ ಮನೆಯಲ್ಲಿ ಒಂದು ಮೆರವಣಿಗೆ ಹೊರಡುತ್ತಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಅಪ್ಪ. ನಡುವೆ ಆಯಿ, ಅಂದ್ರೆ ಅಪ್ಪನ ತಾಯಿ. ಹಿಂದಿನ ಕೋಣೆಯಿಂದ ಎಬ್ಬಿಸಿ, ಅಂಗಳ ದಾಟಿಸಿ, ಪಡಸಾಲೆಯ ಕುರ್ಚಿಯಲ್ಲಿ ಕೂರಿಸಬೇಕು. ಯಾಕಂದ್ರೆ ನೆಟ್ ಇರೋದು ಅಲ್ಲಿ ಮಾತ್ರ. ಕಳೆದ ವರ್ಷ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆಯಿಗೆ ಹತ್ತು ಹೆಜ್ಜೆಯೂ ಭಾರ. ಒಂದು ಸಂಜೆ ಅಂಗಳದಲ್ಲೇ ನಿಂತುಬಿಟ್ಟಳು.

“ಸಾಕೋ ತಮ್ಮಾ. ಮಗಳ ಮಾರಿ ನೋಡ್ಲಾಕ ಇಷ್ಟ್ಯಾಕ ತ್ರಾಸು? ಇನ್ನ ನಾ ಬರಲ್ಲ.”

ಅಷ್ಟೊತ್ತಿಗೆ ನಾನು ಎರಡು ಸಲ ದುಡ್ಡು ಹಾಳು ಮಾಡಿ ಆಗಿತ್ತು. ದಿನವಿಡೀ ಸಾಫ್ಟ್‌ವೇರ್ ಬರೆಯೋ ನನಗೆ ಸ್ವಂತ ಮನೆಯ ಹಿಂದಿನ ಕೋಣೆಗೆ ಸಿಗ್ನಲ್ ಮುಟ್ಟಿಸೋಕೆ ಬರಲಿಲ್ಲ. ನೀವು ಅದೇ ತಪ್ಪು ಮಾಡದಿರಲಿ ಅಂತ ಈ ಸಲದ ಅಂಕಣ.

ಗೋಡೆ ಯಾವುದು, ಮೊದಲು ನೋಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೇ ಮನೆ ನೋಡಿದ್ದರೆ ನಿಮಗೆ ಗೊತ್ತು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಕಲ್ಲಿನ ಹಾಸು. ಮೇ ತಿಂಗಳ ಬಿಸಿಲಲ್ಲೂ ಒಳಗೆ ತಂಪು. ಆದರೆ ವೈಫೈಗೆ ಅಂಥ ಗೋಡೆ ಒಂದು ಕೋಟೆ.

ಈಗಿನ ರೂಟರ್‌ಗಳು ಸಾಮಾನ್ಯವಾಗಿ ಎರಡು ಬ್ಯಾಂಡ್‌ನಲ್ಲಿ ಸಿಗ್ನಲ್ ಕಳಿಸುತ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಗೋಡೆ ಬಂದರೆ ಬೇಗ ಸೋಲುತ್ತದೆ. ನಮ್ಮದು 100 ಎಂಬಿಪಿಎಸ್ ಫೈಬರ್. ಅಳೆದು ನೋಡಿದೆ: ಪಡಸಾಲೆಯಲ್ಲಿ 90, ಅಂಗಳದಲ್ಲಿ 40, ಅಡುಗೆಮನೆಯಲ್ಲಿ 6. ಆಯಿಯ ಕೋಣೆಯಲ್ಲಿ ಒಂದು ಗೀಟು ಸಿಗ್ನಲ್ ಕಾಣುತ್ತಿತ್ತು, ಕರೆ ಮಾತ್ರ ಸೇರುತ್ತಿರಲಿಲ್ಲ.

ನೀವೂ ಇದನ್ನೇ ಮೊದಲು ಮಾಡಿ. ಆಂಡ್ರಾಯ್ಡ್ ಫೋನ್‌ಗೆ ಒಂದು ಉಚಿತ ವೈಫೈ ಅನಲೈಸರ್ ಆ್ಯಪ್ ಹಾಕ್ಕೊಂಡು ಮನೆ ತುಂಬ ಓಡಾಡಿ. ಅದು ಸಿಗ್ನಲ್ಲನ್ನು ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಮೈನಸ್ 50 ಅಂದ್ರೆ ಬಹಳ ಚೆನ್ನಾಗಿದೆ. ವಿಡಿಯೊ ಕರೆಗೆ ಮೈನಸ್ 67 ಅಥವಾ ಅದಕ್ಕಿಂತ ಒಳ್ಳೆಯದು ಬೇಕು. ಮೈನಸ್ 80 ಅಂದ್ರೆ ಹೆಸರಿಗಷ್ಟೇ ವೈಫೈ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿ ಎಷ್ಟೋ ಸಲ ಮೂಲೆಯ ರೂಟರನ್ನು ಹಾಲ್ ಮಧ್ಯಕ್ಕೆ ತಂದರೆ ಸಮಸ್ಯೆ ಮುಗಿಯುತ್ತದೆ. ಹಾಗಾದರೆ ಏನೂ ಕೊಳ್ಳಬೇಡಿ.

ನನ್ನ ಎರಡು ತಪ್ಪು

ಮೊದಲು ತಂದದ್ದು ಅಗ್ಗದ ರಿಪೀಟರ್. ಅದು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತದೆ, ಹಾಗಾಗಿ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಬೀಳುತ್ತದೆ. ಜೊತೆಗೆ ಬೇರೆ ಹೆಸರಿನ ಇನ್ನೊಂದು ವೈಫೈ. ಫೋನ್ ಯಾವುದಕ್ಕೆ ಅಂಟಿಕೊಂಡಿದೆ ಅಂತ ಅಪ್ಪ ದಿನಾ ಕೇಳೋರು.

ಎರಡನೆಯದು ಮೆಶ್, ಎರಡು ಡಬ್ಬಿಯ ಸೆಟ್. ಮೆಶ್ ಅಂದ್ರೆ ಮನೆ ತುಂಬ ಒಂದೇ ಹೆಸರಿನ ವೈಫೈ. ಡಬ್ಬಿಗಳು ತಮ್ಮಲ್ಲೇ ಮಾತಾಡಿಕೊಂಡು, ನಾವು ಓಡಾಡಿದಂತೆ ಫೋನನ್ನು ಹತ್ತಿರದ ಡಬ್ಬಿಯ ಕಡೆಗೆ ಕಳಿಸೋಕೆ ನೋಡುತ್ತವೆ. ನಾನು ಎರಡನೇ ಡಬ್ಬಿಯನ್ನು ಸೀದಾ ಆಯಿಯ ಕೋಣೆಯಲ್ಲಿಟ್ಟೆ. ಫೋನಿನಲ್ಲಿ ಎಲ್ಲಾ ಗೀಟು ತುಂಬಿ ಬಂದವು, ಖುಷಿಯಾಯ್ತು. ಕರೆ ಮಾಡಿದರೆ ಅತ್ತೆಯ ಮುಖ ಅರ್ಧಕ್ಕೇ ನಿಂತಿತು. ತಪ್ಪು ನನ್ನದೇ. ಆ ಡಬ್ಬಿಗೇ ಮೊದಲ ಡಬ್ಬಿಯಿಂದ ಸಿಗ್ನಲ್ ಬರುತ್ತಿರಲಿಲ್ಲ. ಬಾವಿಯಲ್ಲಿ ನೀರಿಲ್ಲದಾಗ ಹೊಸ ಕೊಡ ತಂದ ಹಾಗೆ. ಸಿಗ್ನಲ್ ಸತ್ತ ಜಾಗದಲ್ಲಿ ಮೆಶ್ ಡಬ್ಬಿ ಇಡಬಾರದು, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುವಿನ ಜಾಗದಲ್ಲಿ ಇಡಬೇಕು. ಆದರೆ ನಮ್ಮ ಮನೆಯಲ್ಲಿ ನಡು ಅಂದ್ರೆ ತೆರೆದ ಅಂಗಳ. ಮಳೆ ಬಂದರೆ?

ದಾರಿ ತೋರಿಸಿದ್ದು ತಂತಿ

ಕೊನೆಗೆ ಊರಿನ ಎಲೆಕ್ಟ್ರಿಷಿಯನ್ ಹುಡುಗ ಬಂದು ಮನೆ ನೋಡಿ, “ಎರಡಕ್ಕೂ ನಡುವ ವಾಯರ್ ಎಳದ್ರ ಆಗಲ್ಲೇನ್ರಿ?” ಅಂದ. ನಾಚಿಕೆಯಾಯ್ತು. ಬಹುತೇಕ ಮೆಶ್ ಡಬ್ಬಿಗಳ ಹಿಂದೆ ಈಥರ್ನೆಟ್ ಪೋರ್ಟ್ ಇರುತ್ತದೆ. ಎರಡನ್ನೂ ಕೇಬಲ್‌ನಿಂದ ಜೋಡಿಸಿದರೆ ಗೋಡೆ ಎಷ್ಟು ದಪ್ಪ ಅನ್ನೋದು ಲೆಕ್ಕಕ್ಕೇ ಇಲ್ಲ. ಈ ಕೇಬಲ್ 100 ಮೀಟರ್‌ವರೆಗೆ ಓಡುತ್ತದೆ, ನಮಗೆ ಬೇಕಾದದ್ದು 25.

ಗೋಡೆ ಕೊರೆಯಲಿಲ್ಲ. ಬಾಗಿಲ ಚೌಕಟ್ಟಿನ ಮೇಲಿನ ಸಂದಿನಿಂದ, ಅಂಗಳದ ಗೋಡೆಗುಂಟ ಪಿವಿಸಿ ಪೈಪಿನೊಳಗೆ ಕ್ಯಾಟ್-6 ಕೇಬಲ್ ಹೋಯಿತು. ಪೈಪು ಇಲಿಗಾಗಿ. ತೊಗರಿ ಚೀಲ ಇಡೋ ಮನೆಯಲ್ಲಿ ಇಲಿ ಇಲ್ಲದೆ ಇರುತ್ತದೆಯೇ? ಮಾಳಿಗೆ ಮೇಲಿಂದ ಎಳೆದರೆ ಸುಲಭವಿತ್ತು, ಗುಡುಗು-ಸಿಡಿಲಿನ ಭಯಕ್ಕೆ ಬೇಡ ಅಂದೆವು. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಬಾಳಿಕೆ ಇಲ್ಲ.

ಕೊಳ್ಳುವಾಗ ಇಷ್ಟು ನೋಡಿ

ಡಬ್ಬದ ಮೇಲಿನ ದೊಡ್ಡ ಅಂಕಿ ನಂಬಬೇಡಿ. ಎಸಿ1200 ಅಂದ್ರೆ 2.4ರ 300 ಮತ್ತು 5ರ 867 ಕೂಡಿಸಿದ ಲೆಕ್ಕ. ನಿಮ್ಮ ಒಂದು ಫೋನಿಗೆ ಅಷ್ಟು ಯಾವತ್ತೂ ಸಿಗೋದಿಲ್ಲ. ಎಚ್‌ಡಿ ವಿಡಿಯೊ ಕರೆಗೆ ನಾಲ್ಕು ಎಂಬಿಪಿಎಸ್ ಸ್ಥಿರವಾಗಿ ಬಂದರೆ ಸಾಕು.

ಪೋರ್ಟ್ ನೋಡಿ. ಉದಾಹರಣೆಗೆ ಟಿಪಿ-ಲಿಂಕ್‌ನ ಡೆಕೊ ಇ4ರಲ್ಲಿ 100 ಎಂಬಿಪಿಎಸ್ ಪೋರ್ಟ್, ಅದೇ ಕಂಪನಿಯ ಡೆಕೊ ಎಂ4ರಲ್ಲಿ ಗಿಗಾಬಿಟ್ ಪೋರ್ಟ್. ನಿಮ್ಮ ಪ್ಲಾನ್ 100ರ ಒಳಗಿದ್ದರೆ ಮೊದಲನೆಯದೂ ನಡೆಯುತ್ತದೆ. 200 ಇದ್ದರೆ ಗಿಗಾಬಿಟ್ ಬೇಕೇ ಬೇಕು.

ಬಾಡಿಗೆ ಮನೆ, ತಂತಿ ಎಳೆಯೋಕೆ ಬಿಡೋದಿಲ್ಲ ಅಂದ್ರೆ ಟ್ರೈ-ಬ್ಯಾಂಡ್ ಮೆಶ್ ನೋಡಿ. ಅದರಲ್ಲಿ ಡಬ್ಬಿಗಳ ನಡುವಿನ ಮಾತಿಗೆ ಇನ್ನೊಂದು ರೇಡಿಯೊ ಸಿಗುತ್ತದೆ. ಬೆಲೆ ಹೆಚ್ಚು. ಡಬ್ಬಿಗಳನ್ನು ಬಾಗಿಲುಗಳ ನೇರಕ್ಕೆ ಇಡಿ, ಕಬ್ಬಿಣದ ಅಲಮಾರಿ ಹಿಂದೆ ಇಡಬೇಡಿ. ತಂತಿ ಎಳೆಯೋದು ಸಾಧ್ಯವಿದ್ದು, ಮನೆಯಲ್ಲಿ ಹಳೇ ರೂಟರ್ ಇದ್ದರೆ ಮೆಶ್ಶೇ ಬೇಡ. ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಕೊಡಿ. ಎಷ್ಟೋ ಮನೆಗೆ ಅಷ್ಟು ಸಾಕು.

ಮೆಶ್ ಹಾಕಿದ ಮೇಲೆ ಫೈಬರ್ ಡಬ್ಬಿಯ ಸ್ವಂತ ವೈಫೈ ಆಫ್ ಮಾಡಿ, ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಮೆಶ್ಶನ್ನೂ ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡಿ. ಎರಡೆರಡು ರೂಟರ್ ಕೆಲಸ ಮಾಡಿದರೆ ಕೆಲವೊಮ್ಮೆ ಆಫೀಸಿನ ವಿಪಿಎನ್ ಮುನಿಸಿಕೊಳ್ಳುತ್ತದೆ.

ಕೊನೆಯದು ಕರೆಂಟು. ಫೈಬರ್ ಡಬ್ಬಿ ಇನ್ವರ್ಟರ್ ಮೇಲಿದ್ದು, ಹಿಂದಿನ ಕೋಣೆಯ ಡಬ್ಬಿ ಇಲ್ಲದಿದ್ದರೆ ಕರೆಂಟು ಹೋದ ಕ್ಷಣ ಅಲ್ಲಿ ಮತ್ತೆ ಕತ್ತಲೆ. ಪ್ರತಿ ಡಬ್ಬಿಗೂ ಇನ್ವರ್ಟರ್ ಲೈನ್ ಅಥವಾ ರೂಟರ್‌ಗಳಿಗೆಂದೇ ಬರುವ ಸಣ್ಣ ಯುಪಿಎಸ್ ಇರಲಿ. ಯುಪಿಎಸ್ ಕೊಳ್ಳುವಾಗ ವೋಲ್ಟೇಜ್ ಹೊಂದುತ್ತದೆಯೇ ಅಂತ ಅಡಾಪ್ಟರ್ ಮೇಲೆ ಓದಿ ನೋಡಿ.

ಈಗ ಆಯಿಯ ಕೋಣೆಯಲ್ಲಿ 85 ಬರುತ್ತದೆ. ತಂತಿ ಹಾಕಿದ ದಿನ ಸಂಜೆ ಅತ್ತೆಗೆ ನಾನೇ ಕರೆ ಮಾಡಿ ಫೋನನ್ನು ಆಯಿಯ ಕೈಗೆ ಕೊಟ್ಟೆ. ಆಯಿ ಮಲಗಿದಲ್ಲೇ ಬಹಳ ಹೊತ್ತು ಮಗಳನ್ನು ನೋಡಿದಳು. ಆಮೇಲೆ ಮೊದಲ ಮಾತು: “ಎಷ್ಟ್ ಸೊರಗೀದಿ ನೀ! ಉಣ್ಲಾಕತ್ತಿ ಇಲ್ಲೋ?”

ಪಡಸಾಲೆಗೆ ಬಂದು ನೋಡ್ತಿದ್ದಾಗ ಅದು ಆಕೆಗೆ ಕಂಡೇ ಇರಲಿಲ್ಲ.