ತಡವಾದದ್ದು ಯಾರಿಂದ?



ಕೆಲವು ವರ್ಷಗಳ ಹಿಂದೆ ನಮ್ಮ ಚಿತ್ತವಾಡ್ಗಿಯ ಸಂಘದಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ತಗ್ಗಿದ ದನಿಯಲ್ಲಿ ಕೇಳಿದಳು: "ಐದು ತಿಂಗಳು ತುಂಬಿದ ಮ್ಯಾಲೆ ಬಸಿರು ತೆಗೆಸೋದು ಪಾಪ ಅಲ್ಲೇನ್ರೀ ಮೇಡಂ?" ವರದಕ್ಷಿಣೆ ಬಾಕಿ ಉಳಿಯಿತೆಂದು ಆಕೆಯ ಮಗಳನ್ನು ಹೊಡೆದು ತವರಿಗೆ ಅಟ್ಟಿದ್ದರು. ಮೂರು ತಿಂಗಳಿದ್ದಾಗಲೇ ದವಾಖಾನೆಗೆ ಹೋಗಿದ್ದರು. "ಗಂಡನ ಸಹಿ ತನ್ನಿ" ಎಂದು ಅಲ್ಲಿ ವಾಪಸು ಕಳಿಸಿದರು. ಆ ಸಹಿಗಾಗಿ ಅಲೆಯುವುದರಲ್ಲೇ ಕಾನೂನಿನ ಗಡುವು ಮುಗಿದಿತ್ತು.

ಗಂಡನ ಸಹಿ ಬೇಕೆಂದು 1971ರ ಗರ್ಭಪಾತ ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲ. 18 ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಆಗ ಗಡುವು 20 ವಾರ. 2021ರ ತಿದ್ದುಪಡಿಯಿಂದ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು ಮೊದಲಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶವಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ಆ ಮೇಲೂ ವೈದ್ಯಕೀಯ ಮಂಡಳಿ ಒಪ್ಪಿಗೆ ಕೊಡಬಹುದು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಅವಿವಾಹಿತರಿಗೂ ಈ 24 ವಾರ ಅನ್ವಯಿಸುತ್ತದೆ ಎಂದಿತು. ಗಂಡನ ಬಲಾತ್ಕಾರವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೆಂದೇ ಎಣಿಸಬೇಕು ಎಂದಿತು.

ಹಾಗಾದರೆ ಎಲ್ಲವೂ ಸರಿಯಾಯಿತೇ? ಇಲ್ಲ. 2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು 26 ವಾರದ ಬಸಿರಿನೊಂದಿಗೆ ಸುಪ್ರೀಂ ಕೋರ್ಟಿಗೆ ಬಂದಳು. ಎರಡನೆಯ ಹೆರಿಗೆಯಾದ ಮೇಲೆ ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದವಳು, ಎದೆಹಾಲು ಕೊಡುತ್ತಿದ್ದವಳು. ಮುಟ್ಟು ನಿಂತದ್ದರಿಂದ ಬಸಿರೆಂದು ಗೊತ್ತೇ ಆಗಿರಲಿಲ್ಲ. ಪೀಠದಲ್ಲಿದ್ದ ಇಬ್ಬರು ಮಹಿಳಾ ನ್ಯಾಯಮೂರ್ತಿಗಳಲ್ಲೇ ಭಿನ್ನಮತ ಬಂತು. ಹಿಮಾ ಕೊಹ್ಲಿಯವರ ಮನಸ್ಸು ಒಪ್ಪಲಿಲ್ಲ. ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರು ಆ ತಾಯಿಯ ನಿರ್ಧಾರವನ್ನು ಗೌರವಿಸಬೇಕೆಂದರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು.

ಹೊರಗೆ ಬಂದರೆ ಬದುಕಬಹುದಾದ ಕೂಸು ಎಂದಾಗ ನನ್ನ ಮನಸ್ಸೂ ಹಿಂಜರಿಯುತ್ತದೆ. ಅದನ್ನು ಮುಚ್ಚಿಡಲಾರೆ. ಆದರೆ ಆ ಹಿಂಜರಿಕೆಯ ಪೂರ್ತಿ ಭಾರವನ್ನು ಹೆಣ್ಣೊಬ್ಬಳೇ ಏಕೆ ಹೊರಬೇಕು? ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ್ ನೆನಪಿರಬೇಕು. 2012ರಲ್ಲಿ ಐರ್ಲೆಂಡಿನಲ್ಲಿ 17 ವಾರದ ಬಸಿರು ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆಯೆಂದು ಗರ್ಭಪಾತ ನಿರಾಕರಿಸಿದರು. ನಂಜೇರಿ 31ರ ವಯಸ್ಸಿಗೇ ತೀರಿಕೊಂಡಳು. ಆ ದೇಶದ ಜನ 2018ರಲ್ಲಿ ಮತ ಹಾಕಿ ತಮ್ಮ ಸಂವಿಧಾನವನ್ನೇ ಬದಲಿಸಿದರು.

"ಹಾಗಾದರೆ ಹೆಣ್ಣು ಭ್ರೂಣವನ್ನು ತೆಗೆಸುವುದೂ ಹಕ್ಕೇ?" ಎಂದು ಕೇಳುವವರಿದ್ದಾರೆ. ಅಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ನಡೆಸುತ್ತಿದ್ದ ಜಾಲ ಬಯಲಾಯಿತಲ್ಲ, ಅಲ್ಲಿ ನಡೆದದ್ದು ಹೆಣ್ಣಿನ ಆಯ್ಕೆಯಲ್ಲ. ವರದಕ್ಷಿಣೆಗೆ ಹೆದರುವ ಮನೆತನಗಳ ಆಯ್ಕೆ. ಬೇಡವೆಂದವಳಿಗೆ ಹೆರುವಂತೆ ಮಾಡುವವರೂ, ಬೇಕೆಂದವಳ ಬಸಿರು ಇಳಿಸುವವರೂ ಅವಳ ಮಾತನ್ನು ಕೇಳುವುದಿಲ್ಲ. ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 89ನೆಯ ಕಲಮಿನಂತೆ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು.

ಆ ತಾಯಿಗೆ ನಾನು ಪಾಪ ಪುಣ್ಯದ ಮಾತು ಹೇಳಲಿಲ್ಲ. "ತಡ ಮಾಡಿದವರು ಯಾರು?" ಎಂದು ಕೇಳಿದೆ. ಹೊಡೆದ ಗಂಡ, ಇಲ್ಲದ ಸಹಿ ಕೇಳಿದವರು, ನೆರೆಹೊರೆಗೆ ಅಂಜಿ ಬಾಯಿ ಮುಚ್ಚಿಸಿದ ನಾವು. ತಡವಾದ ಗರ್ಭಪಾತದ ಚರ್ಚೆ ಇಲ್ಲಿಂದಲೇ ಶುರುವಾಗಬೇಕು.

ಸಂಘದ ಪುಸ್ತಕದಲ್ಲಿ ಇದನ್ನು ಬರೆದಿಡಿ: ಗಂಡನ ಸಹಿ ಬೇಕಿಲ್ಲ. ಹೆಸರು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಕಷ್ಟದಲ್ಲಿರುವ ಹೆಣ್ಣುಮಗಳ ಜೊತೆ ನಮ್ಮಲ್ಲೊಬ್ಬಳು ಅಂದೇ ದವಾಖಾನೆಗೆ ಹೋಗಲಿ, ಮುಂದಿನ ಸಭೆಯವರೆಗೆ ಕಾಯುವುದು ಬೇಡ.