ನೌಕರಿ ಹೋಯಿತು, ಬಾಳು ಹೋಗಿಲ್ಲ



ಮಾಜಿವಾಡದಿಂದ ಗಾಯಮುಖದ ವರೆಗೆ ಘೋಡಬಂದರ್ ರಸ್ತೆಯ ಹೊಟೇಲುಗಳಲ್ಲಿ ನಮ್ಮವರು ದುಡಿಯುತ್ತಿದ್ದಾರೆ. ಹದಿನೈದು ಇಪ್ಪತ್ತು ವರ್ಷ ಒಂದೇ ಕಡೆ ಬೆವರು ಸುರಿಸಿದವನಿಗೆ ಒಂದು ದಿನ "ನಾಳೆಯಿಂದ ಬರಬೇಡ" ಎಂಬ ಮಾತು ಬಂದರೆ, ಅವನಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಗುತ್ತದೆ. ಊರಿಗೆ ತಿಳಿಸುವುದಿಲ್ಲ. ಖೋಲಿಯ ಜೊತೆಗಾರರಿಗೂ ಹೇಳುವುದಿಲ್ಲ. ಬೆಳಿಗ್ಗೆ ಎಂದಿನಂತೆ ಹೊರಟು, ಎಲ್ಲಿಯೋ ಕುಳಿತು, ರಾತ್ರಿ ಹಿಂದಿರುಗುತ್ತಾನೆ. ಈ ನಾಚಿಕೆಯನ್ನು ಹೊರಬೇಕಾದವರು ನಾವಲ್ಲ ಎಂಬುದೇ ನನ್ನ ಮೊದಲನೆಯ ಮಾತು.

ಹೊಟೇಲು ಕಾರ್ಮಿಕನ ಕಷ್ಟ ಬೇರೆಯವರಿಗಿಂತ ಒಂದು ಪಟ್ಟು ಹೆಚ್ಚು. ಅವನಿಗೆ ಊಟವೂ ಅಲ್ಲಿಯೇ, ಮಲಗುವುದೂ ಅಲ್ಲಿಯೇ. ನೌಕರಿ ಹೋದ ದಿನವೇ ಅನ್ನವೂ ಸೂರೂ ಹೋಗುತ್ತವೆ. ೨೦೨೦ರ ಮಾರ್ಚ್ ೨೫ರಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ ಇದನ್ನು ನಾವೆಲ್ಲ ಕಣ್ಣಾರೆ ಕಂಡೆವು. ನನ್ನ ನೌಕರಿಯೂ ಆ ವರ್ಷವೇ ಹೋಯಿತು. ಏಳನೆಯ ಇಯತ್ತೆ ಮುಗಿಸಿ ಬಂದು ಹದಿನೇಳು ವರ್ಷ ದುಡಿದಿದ್ದೆ. ಎರಡು ತಿಂಗಳ ಪಗಾರ ಕೈಗಿತ್ತು, ಹಿಸಾಬು ಮುಗಿಯಿತು ಎಂದರು. ಹಿಸಾಬು ಮುಗಿದಿರಲಿಲ್ಲ. ಸಂಘದ ಹಿರಿಯರು ಕಾಗದ ಬರೆದ ಮೇಲೆ ಉಳಿದದ್ದು ಬಂತು. ಅಂದಿನಿಂದ ನಾನು ಈ ಕೆಲಸಕ್ಕೆ ನಿಂತೆ.

ಆ ಹಿಸಾಬನ್ನು ಎಲ್ಲರೂ ತಿಳಿದಿರಬೇಕು. ಹತ್ತು ಜನರಿಗಿಂತ ಕಡಿಮೆಯಿಲ್ಲದ ಹೊಟೇಲಿನಲ್ಲಿ ಐದು ವರ್ಷ ಸತತ ದುಡಿದವನಿಗೆ ಗ್ರಾಚ್ಯುಯಿಟಿ ಸಲ್ಲಬೇಕು. ೧೯೭೨ರ ಕಾಯ್ದೆಯಿಂದ ಬಂದ ಹಕ್ಕು ಇದು. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು ೨೬ರಿಂದ ಭಾಗಿಸಿ, ೧೫ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಿರಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ೧೮,೦೦೦ ರೂಪಾಯಿ, ದುಡಿದದ್ದು ೨೨ ವರ್ಷ ಎಂದಾದರೆ ಬರಬೇಕಾದದ್ದು ೨,೨೮,೪೬೧ ರೂಪಾಯಿ. ಧಣಿ ಇದನ್ನು ೩೦ ದಿನಗಳೊಳಗೆ ಕೊಡಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬಹುದು. ಪ್ರಾವಿಡೆಂಟ್ ಫಂಡು ಇದಕ್ಕಿಂತ ಬೇರೆ. ಅದರಲ್ಲಿ ಹತ್ತು ವರ್ಷ ತುಂಬಿದವನಿಗೆ ೫೮ನೆಯ ವಯಸ್ಸಿನಿಂದ ಪಿಂಚಣಿ.

ಕೆಲಸ ಹೋದವನನ್ನು ಸಂತೈಸಲು ಬರುವವರು ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. ಅಡಿಗೆಮನೆಯಲ್ಲಿ ದುಡಿದ ಎ. ರಾಮ ನಾಯಕರು ೧೯೪೨ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ನೀನೂ ಮಾಲಿಕನಾಗು ಎನ್ನುತ್ತಾರೆ. ನಾಯಕರ ಬಗ್ಗೆ ನಮಗೆ ಗೌರವವಿದೆ. ಆದರೆ ಸಾವಿರದಲ್ಲಿ ಒಬ್ಬ ಮಾಲಿಕನಾದರೆ ಮಿಕ್ಕ ೯೯೯ ಜನರ ಸುಖದ ದಾರಿ ಯಾವುದು? ಅದನ್ನು ಕೇಳುವುದೇ ಸಂಘದ ಕೆಲಸ.

ಆ ದಾರಿಯನ್ನು ನಾನು ಕಂಡಿದ್ದೇನೆ. ವಾಘಬೀಳದ ಕಡೆ ಒಬ್ಬ ಭಟ್ಟರಿದ್ದಾರೆ. ಹೊಟೇಲು ಬಿಟ್ಟ ಮೇಲೆ ಗ್ರಾಚ್ಯುಯಿಟಿಯ ಹಣದಿಂದ ಗ್ರೈಂಡರು ಕೊಂಡು, ದೋಸೆ ಇಡ್ಲಿಯ ಹಿಟ್ಟನ್ನು ಸುತ್ತಲಿನ ಕಟ್ಟಡಗಳಿಗೆ ಕೊಡುತ್ತಾರೆ. ಮಳೆಗಾಲದಲ್ಲಿ ಹಿಂದಿನ ಪಗಾರದಷ್ಟು ಹುಟ್ಟುವುದಿಲ್ಲ. ಆದರೆ ಊರಿನಲ್ಲಿದ್ದ ಹೆಂಡತಿ ಮಕ್ಕಳು ಈಗ ಜೊತೆಗಿದ್ದಾರೆ, ಕುಳಿತು ಉಣ್ಣುತ್ತಾರೆ. ಇನ್ನೊಬ್ಬರು ಸಪ್ಲೈಯರ್ ಆಗಿದ್ದವರು, ಈಗ ಒಂದು ಕೆಂಟೀನಿನಲ್ಲಿದ್ದಾರೆ. ಅವರಿಗೆ ಆದಿತ್ಯವಾರ ರಜೆ. "ಆದಿತ್ಯವಾರ ಅಂದರೆ ಏನೆಂದು ನಲವತ್ತನೆಯ ವಯಸ್ಸಿನಲ್ಲಿ ತಿಳಿಯಿತು ಮಾರಾಯ್ರೇ" ಎನ್ನುತ್ತಾರೆ. ನಗುತ್ತ ಹೇಳಿದರೂ ಅದು ನಗುವ ಮಾತಲ್ಲ. ವಾರಕ್ಕೊಂದು ರಜೆ ಕಾಯ್ದೆಯಲ್ಲಿಯೇ ಇದೆ. ಅದು ಸಿಕ್ಕಿದ್ದರೆ ಸುಖ ಕಾಣಲು ಅವರು ನೌಕರಿ ಕಳೆದುಕೊಳ್ಳಬೇಕಾಗಿತ್ತೇ?

ಆದ್ದರಿಂದ, "ಬಿಡಿಸಿದ್ದು ಒಳ್ಳೆಯದೇ ಆಯಿತು" ಎಂದು ಯಾವ ಧಣಿಯೂ ಬೀಗಬೇಕಾಗಿಲ್ಲ. ಐವತ್ತು ದಾಟಿದವನಿಗೆ, ಮಂಡಿ ಸವೆದವನಿಗೆ, ಸಾಲವಿದ್ದವನಿಗೆ ಹೊಸ ದಾರಿ ಹಾಗೆ ತೆರೆಯುವುದಿಲ್ಲ. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಗಿರಣಿಯ ಭೋಂಗಾ ಕೇಳಲೇ ಇಲ್ಲ. ಅವರಿಗೆ ಧೈರ್ಯದ ಕೊರತೆಯಿರಲಿಲ್ಲ. ಕೈ ಹಿಡಿಯುವ ಏರ್ಪಾಡು ಇರಲಿಲ್ಲ.

ಏರ್ಪಾಡು ಇದ್ದರೆ ಏನಾಗುತ್ತದೆ ಎಂಬುದಕ್ಕೂ ಗಿರಣಗಾಂವದಲ್ಲಿಯೇ ಉದಾಹರಣೆಯಿದೆ. ಗಿರಣಿಯವರಿಗೆ ಖಾನಾವಳಿ ನಡೆಸುತ್ತಿದ್ದ ಹೆಂಗಸರನ್ನು ಪ್ರೇಮಾ ಪುರಾವ್ ಅವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಂದುಗೂಡಿಸಿದರು. ಒಬ್ಬೊಬ್ಬಳಾಗಿ ಹೋದರೆ ಸಾಹುಕಾರನ ಬಡ್ಡಿ. ಗುಂಪಾಗಿ ಹೋದಾಗ ಬೇಂಕಿನ ಸಾಲ. ಅಡಿಗೆ ಬಲ್ಲ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ನೌಕರಿ ಇರುವಾಗಲೇ ಪಗಾರದ ಚೀಟಿ, ಫಂಡಿನ ನಂಬರು, ಕೆಲಸಕ್ಕೆ ಸೇರಿದ ತಾರೀಕಿನ ಕಾಗದ ಜೋಪಾನವಾಗಿಡಿರಿ. ಹಿಸಾಬು ನೋಡದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿರಿ. ಬಂದ ಹಣವನ್ನು ಮೊದಲ ತಿಂಗಳಲ್ಲಿಯೇ ಯಾರದೋ ಧಂದೆಗೆ ಸುರಿಯಬೇಡಿರಿ. ಎಲ್ಲಕ್ಕಿಂತ ಮೊದಲು, ಕೆಲಸ ಹೋದ ದಿನವೇ ಸಂಘಕ್ಕೆ ಬಂದು ಹೇಳಿರಿ. ಮಲಗಲು ಒಂದು ಜಾಗ, ಎರಡು ಹೊತ್ತಿನ ಊಟ, ಅರ್ಜಿ ಬರೆಯುವ ಒಂದು ಕೈ, ಇಷ್ಟನ್ನು ನಾವು ಒಬ್ಬರಿಗೊಬ್ಬರು ಒದಗಿಸಬಲ್ಲೆವು. ಇಷ್ಟು ದೊರೆತವನು ಮುಂದಿನ ದಾರಿಯನ್ನು ತಲೆಯೆತ್ತಿ ಹುಡುಕಬಲ್ಲನು.